ಯಾವ ಇಂಜಿನಿಯರ್ ಎಂದು ಯಾರೂ ಕೇಳದ ಮನೆ

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಬಂದವರಿಗೆ ಕೂರಲು ಜಾಗವಿರುತ್ತಿರಲಿಲ್ಲ. ಜನ ಹೆಚ್ಚಾಗಿ ಅಲ್ಲ, ಜನ ಬಿಟ್ಟುಹೋದ ಸಾಮಾನು ಹೆಚ್ಚಾಗಿ. ಕಂಬಕ್ಕೆ ಒರಗಿಸಿದ ಪಂಪಿನ ಮೋಟರು ಒಬ್ಬರದು, ಮೂಲೆಯ ಹೊಲಿಗೆ ಯಂತ್ರ ಇನ್ನೊಬ್ಬರದು, ಗೋಡೆಯ ಗೂಡಿನಲ್ಲಿ ಬಿಚ್ಚಿಟ್ಟು ಮತ್ತೆ ಕೂಡಿಸಲಾಗದ ರೇಡಿಯೋ ಯಾರದೋ ಪುಣ್ಯಾತ್ಮರದು. ಅಪ್ಪ ಊರಿನ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇಂಜಿನಿಯರ್ ಆಗಿದ್ದ. ಬಾಗಿಲ ಮೇಲಿನ ಹಲಗೆಯಲ್ಲಿ ತನ್ನ ಹೆಸರಿನ ಮುಂದೆ ಬಿ.ಇ. ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದ. ಯಾವ ಬಿ.ಇ. ಎಂದು ಬರೆಸಿರಲಿಲ್ಲ, ಯಾರೂ ಕೇಳಲೂ ಇಲ್ಲ. ಡಾಕ್ಟರೆಂದರೆ ಜ್ವರಕ್ಕೂ ಮುರಿದ ಕಾಲಿಗೂ ಒಬ್ಬರೇ ಇದ್ದ ಕಾಲ ಅದು. ಇಂಜಿನಿಯರೂ ಹಾಗೆಯೇ ಎಂದು ಊರು ನಂಬಿತ್ತು. ಬೋರ್‌ವೆಲ್ಲಿಗೆ ಜಾಗ ತೋರಿಸಿ ಎನ್ನುವವರು, ಕರೆಂಟಿನ ಮೀಟರು ಜೋರಾಗಿ ಓಡುತ್ತದೆ ಎನ್ನುವವರು, ಕೊಟ್ಟಿಗೆಯ ತೊಲೆ ಬಾಗಿದೆ ಎನ್ನುವವರು, ಎಲ್ಲರೂ ನಮ್ಮಲ್ಲಿಗೇ. ಅಪ್ಪ ಓದಿದ್ದು ಮೆಕ್ಯಾನಿಕಲ್, ಅದರಲ್ಲೂ ಶಾಖದ ವಿಷಯ. ಮಿಲ್ಲಿನ ಬಾಯ್ಲರಿನ ಸದ್ದು ಕೇಳಿಯೇ ಒಳಗೆ ಏನಾಗಿದೆಯೆಂದು ಹೇಳುತ್ತಿದ್ದ ಮನುಷ್ಯ. ಅಷ್ಟು ಸಾಕಿತ್ತು. ಆದರೆ ಬಂದವರಿಗೆ ಇಲ್ಲ ಎನ್ನುವುದು ಅವನ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಬಂದವರೆಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ, ಚಹಾ. ಅದನ್ನು ಮಾಡುವವಳು ಅವ್ವ. ಮಳೆಗಾಲದಲ್ಲಿ ನಮ್ಮದೇ ಮಾಳಿಗೆ ಸೋರಿ ಅವಳು ಅಡುಗೆಮನೆಯ ತುಂಬ ಪಾತ್ರೆ ಹರವಿಕೊಂಡಿರುವಾಗ, ಅಪ್ಪ ಪಕ್ಕದ ಓಣಿಯವರ ಮಾಳಿಗೆಗೆ ಸಲಹೆ ಹೇಳಲು ಹೋಗಿರುತ್ತಿದ್ದ. ಆಗ ಅವಳ ಸಿಟ್ಟು ನೆತ್ತಿಗೇರುತ್ತಿತ್ತು.

"ನನಗ ಗೊತ್ತಿಲ್ಲ ಅಂತ ಒಂದು ಮಾತು ಅಂದ್ರ ನಿಮ್ಮ ಗಂಟೇನು ಹೋಗತೈತ್ರಿ?"

"ಅಷ್ಟು ದೂರದಿಂದ ನಂಬಿಕೊಂಡು ಬಂದಿರ್ತಾರ. ಹಂಗ ಕಳಸಾಕಾಗತೈತೇನು?"

ಈ ಜಗಳ ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿ ಬಡಿಯುವ ಸದ್ದಿನಷ್ಟೇ ದಿನನಿತ್ಯದ್ದು. ನಾನು ಒಬ್ಬಳೇ ಮಗಳು. ಅವ್ವನ ಕಡೆ ಕೂತು ಅಪ್ಪನನ್ನು ಪ್ರೀತಿಸುವ ಕಷ್ಟದ ಕೆಲಸ ನನ್ನ ಪಾಲಿಗೆ ಬಂದಿತ್ತು.

ವಿಚಿತ್ರವೆಂದರೆ, ಯಾವ ವಿದ್ಯೆಯ ಬೇಲಿ ಎಲ್ಲಿ ಮುಗಿಯುತ್ತದೆಂದು ಅಪ್ಪನಷ್ಟು ಚೆನ್ನಾಗಿ ತಿಳಿದವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಒಂದು ಭಾನುವಾರ ಕೂಡ್ಲಿಗಿ ಕಡೆಯ ಕುರಿ ಸಾಕುವ ಮನೆತನದ ಹಿರಿಯರೊಬ್ಬರು ಬಂದು, ಮೊಮ್ಮಗನಿಗೆ ಯಾವ ಇಂಜಿನಿಯರಿಂಗ್ ಓದಿಸಬೇಕೆಂದು ಕೇಳಿದರು. ಅಪ್ಪ ಸೀಮೆಸುಣ್ಣ ಹಿಡಿದು ಪಡಸಾಲೆಯ ನೆಲದ ಮೇಲೆಯೇ ದೊಡ್ಡದೊಂದು ಗಿಡ ಬರೆದ. ನಾಲ್ಕು ದಪ್ಪ ಕೊಂಬೆ, ಅವಕ್ಕೆ ಸಣ್ಣ ಟಿಸಿಲು. ಆ ಹಿರಿಯರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಪುರಾಣ ಕೇಳುವವರಂತೆ ಕೂತರು.

"ನೋಡ್ರಿ ಯಜಮಾನ್ರ, ನಿಂತಿದ್ದು ನಿಂತಂಗ ಇರಬೇಕು, ಅದು ಸಿವಿಲ್. ತಿರುಗೋದು ತಿರುಗಬೇಕು, ಅದು ಮೆಕ್ಯಾನಿಕಲ್. ಕಣ್ಣಿಗೆ ಕಾಣದ್ದು ಹರದು ಬಂದು ಕೆಲಸ ಮಾಡಬೇಕು, ಅದು ಎಲೆಕ್ಟ್ರಿಕಲ್. ಹಾಲು ಮೊಸರಾದಂಗ ಒಂದು ಹೋಗಿ ಇನ್ನೊಂದು ಆಗಬೇಕು, ಅದು ಕೆಮಿಕಲ್."

"ಮತ್ತ ಈ ಸಣ್ಣ ಕೊಂಬಿ ಯಾವ್ರಿ?"

"ಒಂದೊಂದ್ರಾಗ ಮತ್ತ ನೂರಾರು ಅದಾವ್ರಿ. ಸಿವಿಲ್‌ದಾಗ ರಸ್ತಾ ಮಾಡೋರು ಬ್ಯಾರೆ, ಡ್ಯಾಮು ಕಟ್ಟೋರು ಬ್ಯಾರೆ, ಬರೇ ಮಣ್ಣು ನೋಡೋರು ಬ್ಯಾರೆ. ಮಣ್ಣಿಂದ ಒಂದು ದೊಡ್ಡ ವಿದ್ಯಾ ಐತಿ. ಎಲ್ಲಾ ಮಣ್ಣು ಒಂದ ಥರ ಭಾರ ಹೊರಂಗಿಲ್ಲ. ಮೆಕ್ಯಾನಿಕಲ್‌ದಾಗ ಶಾಖದವರು, ಯಂತ್ರದ ನಕ್ಷೆ ಬರಿಯೋರು, ಮೋಟಾರು ಗಾಡಿಯೋರು. ಕರೆಂಟು ಹುಟ್ಟಿಸೋರು, ಅದನ್ನ ಊರಿಗೆ ತರೋರು. ಒಬ್ಬರ ಕೆಲಸಕ್ಕ ಇನ್ನೊಬ್ಬರು ಕೈ ಹಾಕಬಾರದ್ರಿ."

ಆ ಕೊನೆಯ ಮಾತಿಗೆ ಅಡುಗೆಮನೆಯಿಂದ ಅವ್ವ ಒಮ್ಮೆ ಜೋರಾಗಿ ಕೆಮ್ಮಿದಳು. ಅಪ್ಪನಿಗೆ ಕೇಳಿಸಲಿಲ್ಲ. ಹಿರಿಯರು ಹೋದ ಮೇಲೂ ಅವನು ಆ ಗಿಡಕ್ಕೆ ಟಿಸಿಲು ಸೇರಿಸುತ್ತಲೇ ಇದ್ದ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ನನ್ನ ಅಪ್ಪನಷ್ಟು ತಿಳಿದವರು ಯಾರೂ ಇಲ್ಲ ಎನ್ನುವ ಹೆಮ್ಮೆ ನನಗೆ ಪೂರ್ತಿಯಾಗಿ ಇದ್ದ ಕೊನೆಯ ದಿನಗಳು ಅವು.

ಅಪ್ಪನಿಗೆ ಒಬ್ಬಳೇ ತಂಗಿ, ನೀಲಮ್ಮ. ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ಅಪ್ಪ ಇಂಜಿನಿಯರಿಂಗ್ ಓದಲು ಊರು ಬಿಟ್ಟಾಗ ಮನೆಯಲ್ಲಿ ಕೈ ಕಡಿಮೆಯಾಯಿತೆಂದು ಶಾಲೆ ಬಿಟ್ಟವಳು ಅವಳು. ಅದನ್ನು ಅವಳು ಎಂದೂ ಎತ್ತಿ ಆಡಿದವಳಲ್ಲ. ಬದಲಿಗೆ ಗಂಡನ ಮನೆಯಲ್ಲಿ ಯಾರು ಏನಂದರೂ "ನಮ್ಮಣ್ಣ ಇಂಜಿನೀರ" ಎಂದು ಒಂದು ಮಾತು ಒಗೆದು ಬಾಯಿ ಮುಚ್ಚಿಸುತ್ತಿದ್ದಳು. ನನ್ನ ಮಾವ, ಅಂದರೆ ಅವಳ ಗಂಡ, ಅಣ್ಣತಮ್ಮಂದಿರಿಂದ ಬೇರೆಯಾಗಿ ಊರ ಅಂಚಿನಲ್ಲಿ ಮನೆ ಕಟ್ಟಿಸಲು ಹೊರಟರು. ಆ ಊರಿನಲ್ಲಿ ಮನೆಗಳ ನಕ್ಷೆ ಮಾಡುವ ಸಿವಿಲ್ ಇಂಜಿನಿಯರೊಬ್ಬರು ಇದ್ದರು. ಮಾವ ಅವರನ್ನು ಕೇಳೋಣ ಎಂದರಂತೆ. ನೀಲಮ್ಮ ಅತ್ತೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಬಂದವಳು ನೀರೂ ಕುಡಿಯದೆ ಕಂಬಕ್ಕೊರಗಿ ಕೂತಳು.

"ಮನ್ಯಾಗ ಇಂಜಿನೀರನ್ನ ಇಟಗೊಂಡು ಬ್ಯಾರೆಯವರ ಬಾಗಿಲಿಗೆ ಹೋಗೋದೇನಣ್ಣ? ನಾಳಿ ನಮ್ಮತ್ತಿ ಏನಂತಾಳ? ನಿಮ್ಮಣ್ಣಗ ಒಂದು ಮನಿ ಕಟ್ಟಾಕ ಬರಂಗಿಲ್ಲೇನು ಅಂತಾಳ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ನಕ್ಕು, ಹುಚ್ಚಿ, ಅದೆಷ್ಟರ ಕೆಲಸ ಎಂದ. ಅತ್ತೆ ಊಟ ಮಾಡಿ, ಉಡಿ ತುಂಬಿಸಿಕೊಂಡು, ಬಂದದ್ದಕ್ಕಿಂತ ಎತ್ತರವಾಗಿ ಹೋದಳು. ಅವಳು ಹೋದ ಮೇಲೆ ಅವ್ವ ಪಾತ್ರೆ ತೊಳೆಯುವುದನ್ನು ಬಿಟ್ಟು ಪಡಸಾಲೆಗೆ ಬಂದಳು.

"ನೀವು ಬಾಯ್ಲರ್ ನೋಡೋರು. ಮನಿ ಕಟ್ಟೋರು ಯಾವಾಗಾದ್ರಿ?"

"ಮನಿ ಏನು ರಾಕೆಟ್ಟಾ? ನಾಕು ಗ್ವಾಡಿ, ಮ್ಯಾಲೊಂದು ಸ್ಲ್ಯಾಬು."

ನಕ್ಷೆ ಮಾತ್ರ ನೋಡುವಂತಿತ್ತು. ದೇವರ ಕೋಣೆ ಎಲ್ಲಿ, ರೊಟ್ಟಿ ಬಡಿಯುವವಳ ಮುಖಕ್ಕೆ ಬೆಳಕು ಯಾವ ಕಡೆಯಿಂದ, ಎಲ್ಲವನ್ನೂ ಅಪ್ಪ ತಂಗಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದ. ಅವಳ ಅಡುಗೆಮನೆಗೆ ಗಾಳಿ ಹೇಗೆ ಬಂದು ಹೊಗೆ ಹೇಗೆ ಹೋಗುತ್ತದೆ ಎಂಬುದನ್ನು ಬಾಣದ ಗುರುತು ಹಾಕಿ ತೋರಿಸಿದ್ದ. ಅದು ಶಾಖದ ವಿಷಯ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಪಾಯ ತೆಗೆಯುವ ದಿನ ನಾವು ಮೂವರೂ ಹೋದೆವು. ಬೇಸಿಗೆ. ಮಾವನ ಜಾಗ ಎರೆ ನೆಲ, ಕಪ್ಪು ಮಣ್ಣು. ಬಿಸಿಲಿಗೆ ಬಾಯಿಬಿಟ್ಟು ನಿಂತಿತ್ತು. ಒಂದು ಬಿರುಕಿನಲ್ಲಿ ನಾನು ಆಟಕ್ಕೆ ಕೈ ಇಳಿಸಿದರೆ ಮೊಣಕೈವರೆಗೆ ಹೋಯಿತು. ನಮ್ಮ ಕೊಟ್ಟೂರಿನ ಮನೆಯಿದ್ದದ್ದು ಮಸಾರಿ ನೆಲದ ಮೇಲೆ, ಕೆಂಪು ಗಟ್ಟಿ ಮಣ್ಣು. ಕೆಲಸಕ್ಕೆ ಅಪ್ಪ ಹಟ ಹಿಡಿದು ಕೊಟ್ಟೂರಿನ ಗೌಂಡಿಗಳನ್ನೇ ಕರೆತಂದಿದ್ದ. ಅವರಿಗೂ ಗೊತ್ತಿದ್ದದ್ದು ಮಸಾರಿಯೇ. ಕಲ್ಲಿನ ಗಾಡಿಯ ಹಿಂದೆ ಹೋದ ಮಾವ ಇನ್ನೂ ಬಂದಿರಲಿಲ್ಲ.

"ಎಷ್ಟು ಆಳ ತೆಗಿಯಣ್ರಿ ಸಾಹೇಬ್ರ?"

"ನಮ್ಮೂರಾಗ ಎಷ್ಟು ತೆಗಿತೀರಿ?"

"ಮೊಣಕಾಲಿನ ಮ್ಯಾಗ ತನಕ."

"ಅಷ್ಟ ಸಾಕು. ತೆಗೀರಿ."

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದನ್ನು ದಾಟಿ ಕೆಳಗಿನ ಗಟ್ಟಿ ಗರಸಿನವರೆಗೆ ಪಾಯ ಇಳಿಸದಿದ್ದರೆ ಗೋಡೆಗಳು ವರ್ಷವಿಡೀ ಏಳುತ್ತ ಇಳಿಯುತ್ತ ಇರುತ್ತವೆ. ಇದು ನನಗೆ ಇಂದು ಗೊತ್ತು. ಅಂದು ಗೊತ್ತಿದ್ದದ್ದು ಇಷ್ಟೇ: ಮಣ್ಣಿಂದ ಒಂದು ದೊಡ್ಡ ವಿದ್ಯಾ ಐತಿ ಎಂದು ನನ್ನ ಅಪ್ಪನೇ ಸೀಮೆಸುಣ್ಣ ಹಿಡಿದು ಹೇಳಿದ್ದ. ಆ ವಿದ್ಯೆಯವರನ್ನು ಒಬ್ಬರನ್ನು ಕರೆಸೋಣ ಎಂದು ಈಗ ಹೇಳಬಹುದೆಂದು ನಾನು ಅವನ ಮುಖ ನೋಡುತ್ತ ನಿಂತೆ. ಅತ್ತೆ ಪೂಜೆಗೆ ಕಾಯಿ ತಂದು ಅವನ ಕೈಗೆ ಕೊಟ್ಟಳು. ಅವನು ಒಡೆದ.

ಮನೆ ಒಕ್ಕಲಿನ ದಿನ ಅಪ್ಪನಿಗೆ ಶಾಲು ಹೊದಿಸಿ ಮಣೆಯ ಮೇಲೆ ಕೂರಿಸಿದರು. ಮಾವನ ತಾಯಿ, ಮಾತಿನಲ್ಲಿ ಮೆಣಸಿನಕಾಯಿ ಅರೆಯುವ ಮುದುಕಿ, ಅವಳು ಕೂಡ ಅವನ ಕೈ ಹಿಡಿದು ಚಲೋ ಆತಪಾ ಎಂದಳು. ಅತ್ತೆ ಬಾಗಿಲಿಂದ ಬಾಗಿಲಿಗೆ ಓಡಾಡಿ ಬಂದವರಿಗೆಲ್ಲ ಒಲೆಯ ಮೇಲಿನ ಗಾಳಿಕಿಂಡಿ ತೋರಿಸಿದಳು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಗಳ ಮೂಲೆಯಿಂದ ಬಿರುಕು ಹೊರಟು ಓರೆಯಾಗಿ ಗೋಡೆ ಹತ್ತಿತು. ಮಳೆಗಾಲದಲ್ಲಿ ಮುಂಬಾಗಿಲು ತೆರೆಯುತ್ತಿರಲಿಲ್ಲ, ಬೇಸಿಗೆಯಲ್ಲಿ ಮುಚ್ಚುತ್ತಿರಲಿಲ್ಲ. ಈ ಸುದ್ದಿ ಅತ್ತೆಯಿಂದ ಬರಲಿಲ್ಲ. ಸಂತೆಗೆ ಬಂದವರು ಅವ್ವನಿಗೆ ಹೇಳಿ ಹೋದರು. ಅಪ್ಪ ಅದನ್ನು ಕೇಳಿಯೂ ಕೇಳದವನಂತೆ ಯಾರದೋ ಮೋಟರು ಬಿಚ್ಚುತ್ತ ಕೂತಿದ್ದ.

ಮರುವರ್ಷ ದೀಪಾವಳಿ ಕಳೆದ ಮೇಲೆ ಮಾವ ನಮ್ಮನ್ನು ಊಟಕ್ಕೆ ಕರೆದರು. ಎಲೆ ಹಾಕಿದ್ದು ಪಡಸಾಲೆಯಲ್ಲಿ, ದೊಡ್ಡ ಬಿರುಕಿನ ಎದುರಿಗೆ. ಬೇಕೆಂದೇ ಹಾಕಿದ್ದರೋ ಬೇರೆ ಜಾಗವಿರಲಿಲ್ಲವೋ ತಿಳಿಯದು. ಮಾವನ ಕಡೆಯ ಹಿರಿಯರೂ ಸಾಲಿನಲ್ಲಿ ಕೂತಿದ್ದರು. ಹೋಳಿಗೆ ಬಡಿಸುವಾಗ ಮಾವ ಎದ್ದು ಹೋಗಿ ಬಿರುಕಿನೊಳಗೆ ಬೆರಳು ತೂರಿಸಿ ತೋರಿಸಿದರು.

"ಭಾವಾರ, ನೀವು ಬಂದೀರಿ ಅಂತ ಕೇಳ್ತೀನಿ. ಇದು ಹಿಂಗ್ಯಾಕಾತ್ರಿ?"

ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಹೇಳು, ನನ್ನ ವಿದ್ಯೆ ಇದಲ್ಲ, ತಪ್ಪಾಯಿತು ಎಂದು ಹೇಳು ಎಂದು ಒಳಗೊಳಗೇ ಬೇಡಿಕೊಂಡೆ. ಅಪ್ಪ ಗಂಟಲು ಸರಿಮಾಡಿಕೊಂಡ. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ, ಶಾಖದ ಗುಣವೇ ಹಾಗೆ, ಕಬ್ಬಿಣದ ರೈಲು ಹಳಿಗೇ ಸಂದು ಬಿಟ್ಟಿರುತ್ತಾರೆ ಎಂದು ಶುರುಮಾಡಿದ. ಚೆನ್ನಾಗಿಯೇ ಹೇಳಿದ. ತನಗೆ ಗೊತ್ತಿದ್ದ ವಿದ್ಯೆಯನ್ನು ತಂದು ಗೊತ್ತಿಲ್ಲದ ಗೋಡೆಗೆ ಮೆತ್ತಿದ. ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿ ಬಾಗಿಲ ಹತ್ತಿರದಿಂದ ಕೇಳಿದಳು.

"ನಮ್ಮ ಹಳೇ ಮನಿಗೆ ಬಿಸಿಲಿದ್ದಿಲ್ಲೇನಪಾ? ಅದೇನು ನೆಳ್ಳಾಗಿತ್ತಾ?"

ಯಾರೋ ಕಿಸಕ್ಕೆಂದರು. ಅಪ್ಪನ ಮಾತು ಅಲ್ಲಿಗೇ ನಿಂತಿತು. ಆಗ ಅಡುಗೆಮನೆಯ ಬಾಗಿಲಿನಲ್ಲಿ, ತುಪ್ಪದ ಗಿಂಡಿ ಹಿಡಿದುಕೊಂಡು ಅತ್ತೆ ನಿಂತಿದ್ದಳು.

"ಅಣ್ಣಗ ಯಾಕ ಕೇಳ್ತೀರಿ? ಅಂವ ಆಳ ತೆಗೀರಿ ಅಂತನ ಹೇಳಿದ್ದ. ಜಲ್ದಿ ಮುಗೀಲಿ ಅಂತ ಗೌಂಡಿಗಳಿಗೆ ಅಷ್ಟ ಸಾಕು ಅಂದಾಕಿ ನಾನು."

ಮಾವ ಹೆಂಡತಿಯನ್ನು ನೋಡಿದ ನೋಟ ನನಗೆ ನೆನಪಿದೆ. ಮುದುಕಿ ಹಣೆ ಬಡಿದುಕೊಂಡು, ಮನಿ ಮುರಕಿ ಎಂದು ಶುರುಮಾಡಿದವಳು ಊಟ ಮುಗಿಯುವವರೆಗೂ ನಿಲ್ಲಿಸಲಿಲ್ಲ. ಅತ್ತೆ ಎಲ್ಲರಿಗೂ ತುಪ್ಪ ಹಾಕುತ್ತ ಬಂದಳು. ಅಪ್ಪನ ಎಲೆಗೆ ಬಂದಾಗ ಒಂದು ಸೌಟು ಹೆಚ್ಚೇ ಹಾಕಿದಳು. ಅಪ್ಪ ತಲೆ ಎತ್ತಲಿಲ್ಲ. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ತಿಂದ. ಹೆಂಗಸರ ಸಾಲಿನಲ್ಲಿದ್ದ ಅವ್ವ ಊಟ ಬಿಟ್ಟು ಕೈ ತೊಳೆಯಲು ಎದ್ದಳು. ನನಗೆ ಆ ದಿನ ಆದದ್ದು ಸಿಟ್ಟಲ್ಲ, ದುಃಖವಲ್ಲ, ಬರಿ ನಾಚಿಕೆ. ಮೈಮೇಲೆ ಬಟ್ಟೆಯಿಲ್ಲದೆ ಸಂತೆಯಲ್ಲಿ ನಿಂತರೆ ಆಗುವಂಥದ್ದು. ವಾಪಸು ಬಸ್ಸಿನಲ್ಲಿ ಕೊಟ್ಟೂರು ಬರುವವರೆಗೆ ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. ಇಳಿಯುವಾಗ ಒಂದೇ ಮಾತು ಹೇಳಿದಳು.

"ಆಕಿ ನಿಮ್ಮ ಸಲುವಾಗಿ ಸಾಲಿ ಬಿಟ್ಟಿದ್ದು ಸಾಲಲಿಲ್ಲೇನ್ರಿ?"

ಆಮೇಲೆ ನಮ್ಮ ಮನೆಯ ಜಗಳದ ದನಿ ಬದಲಾಯಿತು. ಹೋಗಿ ನಿಜ ಹೇಳಿಬನ್ನಿ ಎಂದು ಅವ್ವ ಹಬ್ಬಕ್ಕೊಮ್ಮೆ ಕಾಡುವುದು, ಮುಂದಿನ ಹಬ್ಬಕ್ಕೆ ನೋಡೋಣ ಎಂದು ಅಪ್ಪ ಜಾರುವುದು. ಜನ ಬರುವುದು ನಿಲ್ಲಲಿಲ್ಲ, ಅಪ್ಪ ಇಲ್ಲವೆನ್ನಲೂ ಕಲಿಯಲಿಲ್ಲ. ಶಾಲೆಯಲ್ಲಿ ಯಾರಾದರೂ ಇಂಜಿನಿಯರ್ ಮಗಳು ಎಂದರೆ ನಾನು ತಲೆ ತಗ್ಗಿಸುತ್ತಿದ್ದೆ. ನನಗೆ ಉತ್ತರ ಗೊತ್ತಿದ್ದಾಗಲೂ ಮೊದಲು ನಾಲಿಗೆಗೆ ಬರುತ್ತಿದ್ದದ್ದು ಗೊತ್ತಿಲ್ಲ ಎಂಬ ಮಾತೇ. ಮುಂದೆ ನಾನೂ ಇಂಜಿನಿಯರಿಂಗ್ ಓದಿದೆ. ಸಿವಿಲ್ಲೂ ಬೇಡ, ಮೆಕ್ಯಾನಿಕಲ್ಲೂ ಬೇಡ ಎಂದು ಎಲೆಕ್ಟ್ರಿಕಲ್ ಹಿಡಿದೆ. ಅದರಲ್ಲೂ ಭಾರೀ ವಿದ್ಯುತ್ ಮಾರ್ಗಗಳ ರಕ್ಷಣೆ ಎಂಬ ಒಂದು ಟಿಸಿಲಿಗೆ ಅಂಟಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಮನೆಯ ಫ್ಯಾನು ಕೆಟ್ಟರೂ ಅಂಗಡಿಯವನನ್ನೇ ಕರೆಸುತ್ತೇನೆ. ಜೊತೆಗೆ ಕೆಲಸ ಮಾಡುವವರು ಇದನ್ನು ವಿನಯ ಎಂದುಕೊಂಡಿದ್ದಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ, ಅತ್ತೆಯ ಮನೆಯ ಆ ಪಡಸಾಲೆಯ ಹೆದರಿಕೆ ಅದು.

ಅತ್ತೆಯ ಮನೆಯಲ್ಲಿ ಬಿರುಕಿಗೆ ವರ್ಷ ವರ್ಷ ಸಿಮೆಂಟು ಮೆತ್ತುತ್ತಿದ್ದರು. ಅವಳಿಗೆ ವರ್ಷ ವರ್ಷ ಮಾತು ಬೀಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ, ಎಮ್ಮೆ ಹಾಲು ಕೊಡದಿದ್ದರೂ, ಪಾಯದ ಕತೆ ಮೇಲೆ ಬರುತ್ತಿತ್ತು. ಹೀಗೇ ಇರುವಾಗ ಅವಳ ಹಿರಿಯ ಮಗನಿಗೆ ಹರಪನಹಳ್ಳಿಯ ಕಡೆಯ ಹೆಣ್ಣು ಗೊತ್ತಾಯಿತು. ನಾನು ಪಿಯುಸಿ ಮುಗಿಸಿ ಕೂತಿದ್ದ ಬೇಸಿಗೆ. ಬೀಗರು ಮಾತಿಗೆ ಬರುವ ದಿನ ನಮ್ಮನ್ನೂ ಕರೆದಿದ್ದರು. ಅತ್ತೆ ಹೊಸ ಸೀರೆ ಉಟ್ಟಿದ್ದಳು. ಅತ್ತೆಯಾಗುವವಳ ಗತ್ತು ಅವಳಿಗೆ ಚಂದ ಒಪ್ಪಿತ್ತು. ಆ ಮನೆಯಲ್ಲಿ ಅವಳು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಮಾತುಕತೆ ಮುಗಿದು ಎಲೆಯಡಿಕೆ ತಟ್ಟೆ ಸುತ್ತುತ್ತಿರುವಾಗ ಮಾವ ಅಪ್ಪನ ಕಡೆ ತಿರುಗಿದರು.

"ಭಾವಾರ, ಆವತ್ತ ನಿಮ್ಮನ್ನ ಮಂದ್ಯಾಗ ಹಂಗ ಕೇಳಬಾರದಿತ್ತು ನಾನು. ಮನಸಿನ್ಯಾಗ ಇಟಗೋಬ್ಯಾಡ್ರಿ. ಈಗ ಮದುಮಕ್ಕಳಿಗೆ ಮ್ಯಾಲೆ ಎರಡು ಖೋಲಿ ಹಾಕಬೇಕಂತ ಮಾಡೀನಿ. ನೀವ ಬರದುಕೊಡ್ರಿ. ಈ ಸಲ ಈಕಿ ಮಾತು ಯಾರೂ ಕೇಳಂಗಿಲ್ಲ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಅವಳ ಸುಳ್ಳನ್ನು ನಂಬಿದ್ದರಿಂದಲೇ ಮಾವನಿಗೆ ಅಪ್ಪನ ಮೇಲೆ ಇಷ್ಟು ನಂಬಿಕೆ. ಅಪ್ಪ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದು ನುಣುಚಿಕೊಳ್ಳಲು ನೋಡಿದ.

"ಹಂಗಾರ ನಕ್ಷೆ ಯಾಕ? ಇರೋ ಗ್ವಾಡಿ ಮ್ಯಾಲ ಗೌಂಡಿಗೆ ಹೇಳಿ ಏರಿಸಿಬಿಡ್ತೀನಿ."

ಅಪ್ಪ ಆ ಗೋಡೆಯನ್ನು ನೋಡಿದ. ಎಲೆಯಡಿಕೆ ಕೈಯಲ್ಲಿಯೇ ಉಳಿಯಿತು.

"ಏರಿಸಬ್ಯಾಡ್ರಿ. ಈ ಪಾಯ ತಡಕೊಳ್ಳಂಗಿಲ್ಲ. ಮಕ್ಕಳು ಮಲಗೋ ಜಾಗ ಅದು. ನಾನು ಓದಿದ್ದು ಮೆಕ್ಯಾನಿಕಲ್. ಮನಿ ಕಟ್ಟೋದು ನನ್ನ ವಿದ್ಯಾ ಅಲ್ಲ. ಆಳ ತೆಗೀರಿ ಅಂತ ನಾನು ಯಾರಿಗೂ ಹೇಳಿದ್ದಿಲ್ಲ. ಅಷ್ಟ ಸಾಕು ಅಂದಾವ ನಾನು. ನೀಲವ್ವ ನನ್ನ ಮರ್ಯಾದಿ ಉಳಸಾಕ ತನ್ನ ಮ್ಯಾಲ ಹಾಕ್ಕೊಂಡಾಳ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಅಂತೂ ಹೇಳಿದ, ಮುಗಿಯಿತು ಎಂದುಕೊಂಡೆ. ಆದರೆ ಮಾವ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅವರು ಅತ್ತೆಯ ಕಡೆ ತಿರುಗಿದರು.

"ಅಂದ್ರ ಇಷ್ಟು ವರ್ಷ ನನ್ನ ಮುಂದ ಸುಳ್ಳು ಹೇಳ್ಕೋತ ಬಂದಿ. ನಿಮ್ಮಣ್ಣ ದೊಡ್ಡಾವ, ನಾನು ಹುಚ್ಚ. ಬರೋ ಸೊಸಿಗೆ ಇದನ್ನ ಕಲಸ್ತಿಯೇನು?"

ಬೀಗರ ಹೆಂಗಸರು ತಟ್ಟೆಯ ಕಡೆ ಕಣ್ಣು ಇಳಿಸಿದರು. ಅತ್ತೆ ಏಳಲಿಲ್ಲ. ಹೊಸ ಸೀರೆಯ ನೆರಿಗೆಯನ್ನು ಮೊಣಕಾಲ ಮೇಲೆ ಸರಿಮಾಡಿಕೊಳ್ಳುತ್ತ ಕೂತಳು. ನಾವು ಹೊರಡುವಾಗ ಯಾರೂ ತಡೆಯಲಿಲ್ಲ. ರಸ್ತೆಗೆ ಬಂದು ನಿಂತ ಮೇಲೆ ಅತ್ತೆ ಒಬ್ಬಳೇ ಹಿಂದೆ ಬಂದಳು. ಅಪ್ಪನ ಮುಖದಲ್ಲಿ, ದೇವರಾಣೆ, ಒಂದು ಸಮಾಧಾನವಿತ್ತು. ತಂಗಿ ಅಪ್ಪಿಕೊಂಡು ಅಳುತ್ತಾಳೆ ಎಂದುಕೊಂಡಿದ್ದನೋ ಏನೋ, ಕೈ ಚಾಚಿದ.

"ಆವತ್ತ ಹೇಳಿದ್ರ ನಿಂದೊಂದು ಮಾತು ಹೋಗ್ತಿತ್ತಣ್ಣ. ಇವತ್ತ ಹೇಳಿ ನಂದು ಎಲ್ಲಾ ಕಳದಿ."

"ಸುಮ್ಮನಿದ್ದಿದ್ರ ಮನಿ ಬೀಳ್ತಿತ್ತವ್ವಾ."

"ಬೀಳೋ ಮಾತು ನನಗ ಹೇಳಬೇಕಿತ್ತು. ಒಳಗ ಕರದು ನನಗೊಬ್ಬಾಕಿಗೆ ಹೇಳಿದ್ರ ನಾನ ನಿಲ್ಲಸ್ತಿದ್ದೆ. ಸುಳ್ಳು ನಂದಿತ್ತು. ನನ್ನ ಕೇಳಬೇಕಿತ್ತು ನೀನು."

ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವ್ವ ಕುಂಕುಮಕ್ಕೆಂದು ಹಣೆಯ ಮೇಲಿನ ಸೆರಗು ಸರಿಸಿ ನಿಂತಿದ್ದಳು. ಅತ್ತೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಕುಂಕುಮ ತರದೆ, ಹೋಗಿ ಬರ್ರಿ ಎನ್ನದೆ, ಒಳಗೆ ಹೋದಳು.